ಮೆಣಸುಕಾಳೋ ಕಡಲೆಯೋ: ಶ್ವಾಸಕೋಶದ ಗಂಟನ್ನು ನಾನು ಅಳೆಯುವ ಬಗೆ

ಬೈಕಿನಿಂದ ಬಿದ್ದು ಎದೆನೋವೆಂದು ಬಂದಿದ್ದರು. ವಯಸ್ಸು 58, ಅಡಿಕೆ ತೋಟ, ಇಪ್ಪತ್ತೈದು ವರ್ಷಗಳ ಬೀಡಿ. ಸಿಟಿ ಸ್ಕ್ಯಾನಿನಲ್ಲಿ ಪಕ್ಕೆಲುಬುಗಳೆಲ್ಲ ನೆಟ್ಟಗಿದ್ದವು. ಆದರೆ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಯಾರೂ ಹುಡುಕಿಕೊಂಡು ಹೋಗಿರದ ಒಂದು ಬಿಳಿ ಚುಕ್ಕೆ ಕೂತಿತ್ತು.

ಮಲೆನಾಡಿನ ಅಂಚಿನ ಊರಿನಲ್ಲಿ ಹದಿನೆಂಟು ವರ್ಷಗಳಿಂದ ರೇಡಿಯಾಲಜಿಸ್ಟ್ ಆಗಿದ್ದೇನೆ. ಇಂಥ ಚುಕ್ಕೆ ಕಂಡಾಗ ರೋಗಿ ಕೇಳುವುದು ಒಂದೇ ಪ್ರಶ್ನೆ: ಕ್ಯಾನ್ಸರೇ? ಸ್ಕ್ಯಾನ್ ನೋಡಿ ಅದಕ್ಕೆ ಹೌದು, ಅಲ್ಲ ಎಂದು ಉತ್ತರಿಸುವ ಸಂದರ್ಭಗಳು ಕಡಿಮೆ. ನಾನು ಉತ್ತರಿಸುವುದು ಇನ್ನೊಂದು ಪ್ರಶ್ನೆಗೆ: ಇದರ ಮೇಲೆ ಕಣ್ಣಿಟ್ಟು ಎಷ್ಟು ದಿನ ಸುಮ್ಮನಿರಬಹುದು? ಗಂಟುಗಳನ್ನು ವಿಂಗಡಿಸುವ ಕಸರತ್ತೆಲ್ಲ ಇರುವುದು ಅದಕ್ಕೇ.

ಮೊದಲು ಅದು ಗಂಟೇ ಹೌದೇ ಎಂದು ನೋಡಬೇಕು. ರಕ್ತನಾಳವನ್ನು ಅಡ್ಡಕ್ಕೆ ಕತ್ತರಿಸಿದರೆ ಅದೂ ದುಂಡು ಚುಕ್ಕೆಯಾಗಿಯೇ ಕಾಣುತ್ತದೆ. ಸಿಟಿ ಸ್ಕ್ಯಾನ್ ಎದೆಯನ್ನು ಹೋಳು ಹೋಳಾಗಿ ತೋರಿಸುತ್ತದೆ; ಮೌಸಿನ ಚಕ್ರ ತಿರುಗಿಸುತ್ತ ಒಂದೊಂದೇ ಹೋಳನ್ನು ದಾಟುತ್ತೇನೆ. ನಾಳವಾದರೆ ಚುಕ್ಕೆ ಪಕ್ಕಕ್ಕೆ ಸರಿಯುತ್ತ ಕವಲೊಡೆಯುತ್ತದೆ. ಗಂಟಾದರೆ ನಾಲ್ಕಾರು ಹೋಳುಗಳಲ್ಲಿ ಊದಿ, ಅಲ್ಲೇ ಮಾಯವಾಗುತ್ತದೆ. ಇವರದು ಅಲ್ಲೇ ಮಾಯವಾಯಿತು.

ಇನ್ನು ಅಳತೆ. ಒಂದು ಮಿಲಿಮೀಟರ್ ದಪ್ಪದ ಹೋಳುಗಳಲ್ಲಿ, ಶ್ವಾಸಕೋಶಕ್ಕೆಂದೇ ಹೊಂದಿಸಿದ ಬೆಳಕಿನಲ್ಲಿ, ಗಂಟಿನ ಉದ್ದ ಮತ್ತು ಅದಕ್ಕೆ ಅಡ್ಡಲಾದ ಅಗಲ ಎರಡನ್ನೂ ಅಳೆದು ಸರಾಸರಿ ತೆಗೆಯುತ್ತೇನೆ. ಇವರದು 7.6 ಮತ್ತು 6.2. ಸರಾಸರಿ 6.9, ವರದಿಯಲ್ಲಿ 7 ಎಂದು ಬರೆದೆ. ದಶಾಂಶ ಬರೆಯುವುದಿಲ್ಲ. ಅಂಚು ಎಲ್ಲಿ ಮುಗಿಯುತ್ತದೆ ಎಂಬ ಬಗ್ಗೆ ನನ್ನ ಕಣ್ಣಿಗೂ ಪಕ್ಕದ ಕೋಣೆಯ ಸಹೋದ್ಯೋಗಿಯ ಕಣ್ಣಿಗೂ ಒಮ್ಮತವಿರುವುದಿಲ್ಲ. ಇಷ್ಟು ಅಂದಾಜಿನ ಅಳತೆಗೆ ದಶಾಂಶದ ಠೀವಿ ಏಕೆ?

ಸಂಖ್ಯೆ ಹೇಳಿದರೆ ಜನರಿಗೆ ಗಾತ್ರ ಕಣ್ಣಿಗೆ ಕಟ್ಟುವುದಿಲ್ಲ, ಕಾಳು ಹೇಳಿದರೆ ಕಟ್ಟುತ್ತದೆ. ಮೆಣಸುಕಾಳು ಸುಮಾರು 5 ಮಿಲಿಮೀಟರ್, ಕಡಲೆ 8ರ ಆಸುಪಾಸು, ಗೋಟಡಿಕೆ 30ರ ಹತ್ತಿರ. ಮೂವತ್ತು ದಾಟಿದರೆ ಅದನ್ನು ನಾವು ನಾಡ್ಯೂಲ್, ಅಂದರೆ ಗಂಟು, ಎನ್ನುವುದೇ ಇಲ್ಲ, ಮಾಸ್ ಎನ್ನುತ್ತೇವೆ. ಅಲ್ಲಿಗೆ ಕಾಯುವ ಮಾತು ಮುಗಿದಂತೆ.

ಗಾತ್ರದಷ್ಟೇ ಮುಖ್ಯವಾದದ್ದು ಗಂಟಿನ ಜಾತಿ. ಪೂರ್ತಿ ಗಟ್ಟಿಯಾಗಿದ್ದು ಹಿಂದಿನ ರಕ್ತನಾಳವನ್ನು ಮುಚ್ಚಿಬಿಡುವುದು ಒಂದು. ಬಚ್ಚಲುಮನೆ ಕಿಟಕಿಯ ಮಬ್ಬುಗಾಜಿನಂತೆ, ಆಚೆಯ ನಾಳ ಮಸುಕಾಗಿ ಕಾಣುವಂತಿರುವುದು ಇನ್ನೊಂದು. ನಾವು ಗ್ರೌಂಡ್ ಗ್ಲಾಸ್ ಎನ್ನುವುದು ಇದನ್ನೇ. ಮಬ್ಬಿನ ನಡುವೆ ಗಟ್ಟಿ ತಿರುಳಿರುವುದು ಮೂರನೆಯದು. ಕಲಿಯಲು ಬಂದವರು ಎಡವುವುದು ಇಲ್ಲಿ. ಗಟ್ಟಿಯಾಗಿ ಹೊಳೆಯುವುದನ್ನು ಕಂಡು ಹೆದರುತ್ತಾರೆ, ಮಬ್ಬನ್ನು ಕಂಡು ನೆಗಡಿಯ ಕುರುಹೆಂದು ಬಿಟ್ಟುಬಿಡುತ್ತಾರೆ. ಮಬ್ಬು ಕೆಲವು ವಾರಗಳಲ್ಲಿ ಕರಗಿದರೆ ಅವರೇ ಸರಿ. ಕರಗದೆ ಉಳಿದರೆ, ಅದರಲ್ಲೂ ತಿರುಳಿದ್ದರೆ, ಮೂರು ಜಾತಿಗಳಲ್ಲಿ ಕ್ಯಾನ್ಸರಿನ ಸಂಶಯ ಹೆಚ್ಚಿರುವುದು ಅದರ ಮೇಲೆಯೇ. ಬೆಳವಣಿಗೆ ಮಾತ್ರ ಬಸವನಹುಳುವಿನದು. ಆದ್ದರಿಂದಲೇ ಮಬ್ಬುಗಂಟನ್ನು ಐದು ವರ್ಷ ಕಾಯಬೇಕಾಗುತ್ತದೆ.

ನನ್ನ ಮೇಜಿನ ಗಾಜಿನ ಕೆಳಗೆ, ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಪಟ್ಟಿ ಇದೆ, ಚಹಾದ ಕಲೆಯೊಂದಿಗೆ. ಒಂಟಿ ಗಟ್ಟಿ ಗಂಟು 6 ಮಿಲಿಮೀಟರಿಗಿಂತ ಚಿಕ್ಕದಿದ್ದು, ಧೂಮಪಾನದಂಥ ಅಪಾಯವೂ ಇಲ್ಲದಿದ್ದರೆ ಮತ್ತೆ ಸ್ಕ್ಯಾನ್ ಬೇಡ. 6ರಿಂದ 8 ಇದ್ದರೆ ಆರರಿಂದ ಹನ್ನೆರಡು ತಿಂಗಳೊಳಗೆ ಇನ್ನೊಮ್ಮೆ. ಅಪಾಯ ಹೆಚ್ಚಿದ್ದವರಿಗೆ 18ರಿಂದ 24 ತಿಂಗಳೊಳಗೆ ಮತ್ತೊಮ್ಮೆ. 8 ದಾಟಿದರೆ ಮೂರು ತಿಂಗಳಿಗೆ ಸ್ಕ್ಯಾನ್, ಇಲ್ಲವೇ ಚುರುಕಾದ ಜೀವಕೋಶಗಳು ಬೆಳಗಿ ಕಾಣುವ ಪೆಟ್ ಸ್ಕ್ಯಾನ್, ಇಲ್ಲವೇ ಸೂಜಿ ಚುಚ್ಚಿ ತುಣುಕು ತೆಗೆದು ಪರೀಕ್ಷೆ. 35 ವರ್ಷದೊಳಗಿನವರಿಗೆ, ಈಗಾಗಲೇ ಕ್ಯಾನ್ಸರ್ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಪಟ್ಟಿ ಹೊಂದುವುದಿಲ್ಲ. ಲಂಗ್-ರ್‍ಯಾಡ್ಸ್ ಎಂಬ ಅಮೆರಿಕದ ಇನ್ನೊಂದು ಪಟ್ಟಿ ಇದೆ. ಅದು ಧೂಮಪಾನಿಗಳನ್ನು ಕರೆದು ತಪಾಸಣೆ ಮಾಡುವ ಕಾರ್ಯಕ್ರಮಕ್ಕೆ. ಬೈಕಿನಿಂದ ಬಿದ್ದು ಬಂದವರಿಗಲ್ಲ.

ಪಟ್ಟಿ ಮಾಡಿದವರ ಊರು ಬೇರೆ, ನಮ್ಮದು ಬೇರೆ. ಗಂಟು ಶ್ವಾಸಕೋಶದ ಮೇಲ್ಭಾಗದಲ್ಲಿದ್ದರೆ ಕ್ಯಾನ್ಸರಿನ ಸಾಧ್ಯತೆ ಹೆಚ್ಚು ಎನ್ನುತ್ತವೆ ಅಲ್ಲಿನ ಲೆಕ್ಕಾಚಾರಗಳು. ನಮ್ಮಲ್ಲಿ ಆ ಜಾಗ ಟಿಬಿಯ ತವರುಮನೆ. ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಹೇಗೆ ಉರಿಯುತ್ತದೋ ಟಿಬಿಯ ಗಂಟೂ ಹಾಗೆಯೇ ಉರಿಯುತ್ತದೆ. ಅದನ್ನು ನೆಚ್ಚಿ ಎದೆ ಸೀಳಿಸಿಕೊಂಡವರಿದ್ದಾರೆ. ಏಷ್ಯಾದ ತಜ್ಞರು 2016ರಲ್ಲಿ ಬೇರೆಯಾಗಿಯೇ ಸಲಹೆ ಕೊಟ್ಟು, ಪೆಟ್ ಮೇಲಿನ ಭರವಸೆಯನ್ನು ತಗ್ಗಿಸಿದ್ದು ಇದಕ್ಕಾಗಿ. ನನಗೆ ಸಮಾಧಾನ ಕೊಡುವುದು ಸುಣ್ಣದ ಅಂಶ: ಗಂಟಿನ ನಟ್ಟನಡುವೆ, ಅಥವಾ ಪೂರ್ತಿಯಾಗಿ, ಅಥವಾ ಈರುಳ್ಳಿಯ ಪದರದಂತೆ ಸುಣ್ಣ ಕಟ್ಟಿದ್ದರೆ ಅದು ಸಾಮಾನ್ಯವಾಗಿ ಹಳೆಯ ಗಾಯದ ಗುರುತು. ಒಂದು ಪಕ್ಕಕ್ಕೆ ಮಾತ್ರ ಅಂಟಿದ್ದರೆ ಆ ಸಮಾಧಾನ ಇಲ್ಲ. ಇವರ ಗಟ್ಟಿ ಗಂಟಿನಲ್ಲಿ ಸುಣ್ಣವೇ ಇರಲಿಲ್ಲ. ಅಂಚು ಮಾತ್ರ ನುಣುಪಾಗಿತ್ತು, ಸಂಶಯ ಹೆಚ್ಚಿಸುವ ಮುಳ್ಳುಗಳಿರಲಿಲ್ಲ.

ಅವರನ್ನು ಕೂರಿಸಿಕೊಂಡು ಕೇಳಿದೆ: ಹಿಂದೆ ಯಾವಾಗಲಾದರೂ ಎದೆಯ ಸ್ಕ್ಯಾನ್ ಆಗಿದೆಯೇ? ಇಲ್ಲವೇ ಇಲ್ಲ ಎಂದರು. ಆರು ತಿಂಗಳಿಗೆ ಬನ್ನಿ ಎಂದೆ. ವರದಿಯಲ್ಲಿ ‘ಗಡ್ಡೆ’ ಎಂದು ನಾನು ಬರೆಯುವುದಿಲ್ಲ, ಬಾಯಲ್ಲೂ ಹೇಳುವುದಿಲ್ಲ. ಆ ಪದ ಕೇಳಿದ ರಾತ್ರಿಯೇ ತೋಟ ಅಡವಿಡುವ ಮಾತು ಶುರುವಾಗುತ್ತದೆ. ಗಂಟು ಎಂದರೆ ಊಟ ಸೇರುತ್ತದೆ.

ಹಳೆಯ ಸ್ಕ್ಯಾನಿಗಾಗಿ ನಾನು ಇಷ್ಟು ಹಟ ಹಿಡಿಯುವುದರ ಹಿಂದೆ ನನ್ನದೇ ಒಂದು ತಪ್ಪಿದೆ. ಹತ್ತು ವರ್ಷಗಳ ಕೆಳಗೆ ಒಬ್ಬ ಹೆಂಗಸು ಬೇರೆ ಊರಿನ ಸ್ಕ್ಯಾನ್ ಹಿಡಿದು ಬಂದಿದ್ದರು. ಅಲ್ಲಿ 6, ನಮ್ಮಲ್ಲಿ 8. ಎರಡು ಮಿಲಿಮೀಟರ್ ಹೆಚ್ಚಿದರೆ ನಿಜವಾದ ಬೆಳವಣಿಗೆ ಎನ್ನುವುದು ನಿಯಮ. ಮೇಲಾಗಿ ವ್ಯಾಸ ಕಾಲುಭಾಗ ಹೆಚ್ಚಿದರೂ ಗಂಟಿನ ಘನಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ‘ಬೆಳೆದಿದೆ’ ಎಂದು ಬರೆದುಬಿಟ್ಟೆ. ಸೂಜಿ ಹಾಕಿದರು. ಶ್ವಾಸಕೋಶದಿಂದ ಗಾಳಿ ಸೋರಿ, ಎದೆಗೆ ಕೊಳವೆ ಹಾಕಿಸಿಕೊಂಡು ಅವರು ಮೂರು ದಿನ ಮಲಗಿದರು. ಬಂದ ಉತ್ತರ: ಹಳೆಯ ಟಿಬಿಯ ಗಂಟು. ಆಮೇಲೆ ಎರಡೂ ಸ್ಕ್ಯಾನುಗಳನ್ನು ಪಕ್ಕಪಕ್ಕದಲ್ಲಿ ತೆರೆದು ಕೂತೆ. ಮೊದಲನೆಯದರ ಹೋಳುಗಳು 5 ಮಿಲಿಮೀಟರ್ ದಪ್ಪದವು. ಹೋಳು ದಪ್ಪವಾದಷ್ಟೂ ಗಂಟಿನ ಅಂಚು ಸುತ್ತಲಿನ ಗಾಳಿಯೊಡನೆ ಬೆರೆತು ಮಸುಕಾಗುತ್ತದೆ. ಗಂಟು ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಬೆಳೆದದ್ದು ಗಂಟಲ್ಲ. ಅಂದಿನಿಂದ ಅಳತೆಗೆ ಮುಂಚೆ ಪರದೆಯ ಮೂಲೆಯಲ್ಲಿರುವ ಹೋಳಿನ ದಪ್ಪವನ್ನು ಓದುತ್ತೇನೆ.

ಆರು ತಿಂಗಳಿಗೆ ಸರಿಯಾಗಿ ತೋಟದವರು ಬಂದರು, ಜೊತೆಗೆ ಹೆಂಡತಿ. ಹೊಸ ಸ್ಕ್ಯಾನಿನಲ್ಲೂ 7. ಇನ್ನೊಂದು ವರ್ಷ ಬಿಟ್ಟು ಬನ್ನಿ ಎನ್ನುವಷ್ಟರಲ್ಲಿ ಆಕೆ ಬಟ್ಟೆಯಂಗಡಿಯ ಚೀಲದಿಂದ ಒಂದು ಸಿಡಿ ತೆಗೆದಿಟ್ಟರು. 2021ರಲ್ಲಿ ಕೋವಿಡ್ ಬಂದಾಗ ಮಾಡಿಸಿದ್ದು. ಇವರು ಅದನ್ನು ಮರೆತೇಬಿಟ್ಟಿದ್ದರು! ಅದು ಕೋವಿಡ್ ಪರೀಕ್ಷೆ, ಎದೆಯ ಸ್ಕ್ಯಾನ್ ಅಲ್ಲ ಎಂದು ಅವರ ಲೆಕ್ಕ. ಎರಡು ಸಿಡಿ ಕೊಟ್ಟಿದ್ದರಂತೆ. ಒಂದನ್ನು ಗಿಳಿ ಓಡಿಸಲು ಸೀಬೆಗಿಡಕ್ಕೆ ಕಟ್ಟಿ ಆಗಿತ್ತು.

ಉಳಿದದ್ದನ್ನು ಹಾಕಿದೆ. ಮೊದಲ ಸಲ ತೆರೆಯಲಿಲ್ಲ. ಅಂಗಿಯ ತುದಿಯಿಂದ ಒರೆಸಿ ಹಾಕಿದಾಗ ತೆರೆಯಿತು. ಹೋಳಿನ ದಪ್ಪ 1 ಮಿಲಿಮೀಟರ್. ಅಂದಿನ ವರದಿಯಲ್ಲಿ 25ಕ್ಕೆ 9 ಎಂಬ ಕೋವಿಡ್ ಅಂಕ ಬಿಟ್ಟರೆ ಬೇರೇನೂ ಇರಲಿಲ್ಲ. ಕೆಳಕ್ಕೆ ಚಕ್ರ ತಿರುಗಿಸಿದೆ. ಅದೇ ನಾಳದ ಪಕ್ಕದಲ್ಲಿ, ಅದೇ ನುಣುಪು ಅಂಚಿನ ಚುಕ್ಕೆ. ಅಳೆದೆ: 7. ನಡುವೆ ಮೂರು ವರ್ಷ. ಕ್ಯಾನ್ಸರಾದ ಗಟ್ಟಿ ಗಂಟಿನ ಘನಗಾತ್ರ ಸಾಮಾನ್ಯವಾಗಿ ನೂರರಿಂದ ನಾನೂರು ದಿನಗಳಲ್ಲಿ ಇಮ್ಮಡಿಯಾಗುತ್ತದೆ. ಇದು ಕದಲಿರಲಿಲ್ಲ. ಇನ್ನು ಇದಕ್ಕಾಗಿ ಸ್ಕ್ಯಾನ್ ಬೇಡ ಎಂದು ಬರೆದು ಸಹಿ ಹಾಕಿದೆ. ಬೀಡಿಯ ವಿಷಯ ಎತ್ತಿದಾಗ ಅವರು ಕಿಟಕಿ ಕಡೆ ನೋಡಿದರು.

“ಹಾಗಾದರೆ ಈ ಸಿಡಿಯನ್ನೂ ಗಿಡಕ್ಕೆ ಕಟ್ಟಬಹುದೇ?” ಎಂದು ಆಕೆ ಕೇಳಿದರು. ಗಿಳಿಗಳ ಕಾಟ ಜಾಸ್ತಿಯಾಗಿದೆಯಂತೆ. ಖಾಲಿ ಸಿಡಿ ಎರಡು ಕೊಟ್ಟು, ಇದನ್ನು ಮತ್ತೆ ಚೀಲಕ್ಕೆ ಹಾಕಿಸಿದೆ.