ಡಿಗ್ರಿ ಜೊತೆಗೇ ಸಿನಿಮಾ ಓದುವುದು ಹೇಗೆ?

ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ. 1974ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾದರು. ಸಿನಿಮಾ ಕಲಿಯಲು ನೀವೂ ನಿಮ್ಮ ಬಿ.ಎ., ಬಿ.ಎಸ್ಸಿ. ಬಿಡಬೇಕಾಗಿಲ್ಲ. ನಿಮ್ಮ ವಿಷಯವನ್ನೇ ಹಿಡಿದು ಸಿನಿಮಾದೊಳಗೆ ಹೋಗಿ.

ಮೊದಲು ಕಾಲೇಜಿನಲ್ಲಿ ವಿಚಾರಿಸಿ. ಐಚ್ಛಿಕ ವಿಷಯಗಳಲ್ಲಿ ಸಿನಿಮಾ ಇಲ್ಲದಿದ್ದರೆ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ ನೋಡಿ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಅಲ್ಲಿಂದ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಒಪ್ಪಬಹುದು. ಹೆಸರು ಹಚ್ಚುವ ಮೊದಲೇ ಕ್ರೆಡಿಟ್ ಸಿಗುತ್ತದೆಯೇ ಎಂದು ಪ್ರಾಂಶುಪಾಲರ ಹತ್ತಿರ ಕೇಳಿ, ಬರವಣಿಗೆಯಲ್ಲೇ ಪಡೆಯಿರಿ.

ಇನ್ನು ನಿಜವಾದ ಕೆಲಸ, ನೋಡುವುದು. ಐದು ನಿಮಿಷದ ಒಂದು ದೃಶ್ಯ ಆರಿಸಿ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಸೌಂಡ್ ಬಂದ್ ಮಾಡಿ, ಶಾಟ್ (ನಡುವೆ ಕತ್ತರಿ ಬೀಳದೆ ಒಂದೇ ಸಮನೆ ಓಡುವ ತುಣುಕು) ಬದಲಾದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯಿರಿ. ಮೂರನೇ ಸಲ ಕಣ್ಣು ಮುಚ್ಚಿ ಕೇಳಿ. ಮಳೆಯ ಸದ್ದು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು? ಯಕ್ಷಗಾನ ನೋಡಿ ಬೆಳೆದ ನಮ್ಮ ಉತ್ತರ ಕನ್ನಡದ ಕಡೆಯವರಿಗೆ ಇದು ಕಷ್ಟವಲ್ಲ. ಚಂಡೆಯ ಪೆಟ್ಟು ಬದಲಾದರೆ ಏನೋ ಬರುತ್ತಿದೆ ಅಂತ ಕಿವಿಗೇ ಗೊತ್ತಾಗುತ್ತದೆ, ಅಲ್ವಾ? ಆದರೆ ಯಕ್ಷಗಾನದ ಆಟದಲ್ಲಿ ಯಾವ ವೇಷವನ್ನು ನೋಡಬೇಕೆಂದು ನೀವೇ ಆರಿಸುತ್ತೀರಿ. ಸಿನಿಮಾದಲ್ಲಿ ನಿಮ್ಮ ಪರವಾಗಿ ಕ್ಯಾಮೆರಾ ಆರಿಸಿಬಿಟ್ಟಿರುತ್ತದೆ. ಏನನ್ನು ಬಿಟ್ಟಿತು ಎಂಬುದನ್ನೂ ಬರೆದುಕೊಳ್ಳಿ.

ಆಮೇಲೆ ನಿಮ್ಮ ವಿಷಯದ ಪ್ರಶ್ನೆ ಕೇಳಿ. ಅರ್ಥಶಾಸ್ತ್ರದವರು, ಈ ಮನೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು. ಭೌತಶಾಸ್ತ್ರದವರು, ದೂರದ ಗುಡ್ಡ ಇಷ್ಟು ಹತ್ತಿರ ಕಾಣುವುದು ಯಾವ ಲೆನ್ಸಿನಿಂದ ಎಂದು. ಕನ್ನಡ ಓದುವವರು, ಪಾತ್ರ ಕುಮಟೆಯದಾದರೂ ಮಾತೇಕೆ ಬೆಂಗಳೂರಿನದು ಎಂದು. ನನಗೆ ಈ ಕೊನೆಯ ಪ್ರಶ್ನೆಯ ಮೇಲೆ ಪ್ರೀತಿ ಜಾಸ್ತಿ.

ಒಬ್ಬರೇ ನೋಡಬೇಡಿ. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ 1973ರಲ್ಲೇ ಚಿತ್ರಸಮಾಜ, ಅಂದರೆ ಕೂಡಿ ಸಿನಿಮಾ ನೋಡಿ ಚರ್ಚಿಸುವ ಕೂಟ ಕಟ್ಟಿತು. ಶಿರಸಿ, ಕಾರವಾರದ ಕಾಲೇಜುಗಳಲ್ಲಿ ಒಂದು ಪ್ರೊಜೆಕ್ಟರ್, ಒಂದು ಕೋಣೆ ಸಾಕು. ಕಾಮರ್ಸಿನವರನ್ನೂ ಇತಿಹಾಸದವರನ್ನೂ ಕರೆಯಿರಿ. ಮುಗಿದ ಕೂಡಲೇ ಏಳದೆ ಅರ್ಧ ಗಂಟೆ ಮಾತಾಡಿ. ವಾದ ಬಿಸಿಯಾದರೂ ಆಗಲಿ. ಅದೇ ರಾತ್ರಿ ಒಂದು ಪುಟ ಬರೆದಿಡಿ. ಬೆಳಗಾಗುವಷ್ಟರಲ್ಲಿ ಶಾಟ್‌ಗಳು ಮರೆತು ಕಥೆ ಮಾತ್ರ ಉಳಿದಿರುತ್ತದೆ.