ಹಳೇ ಕಾರು ಜಗ್ಗುತ್ತಿದೆಯಾ? ಕಾರ್ಬ್ಯುರೇಟರ್ ಬಿಚ್ಚುವುದು ಕೊನೆಗಿರಲಿ

ಹಳೇ ಕಾರು ಏರಿನಲ್ಲಿ ಜಗ್ಗಲಿ, ಸಿಗ್ನಲ್‌ನಲ್ಲಿ ಆಫ್ ಆಗಲಿ, ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಯಲಿ, ಎಲ್ಲದಕ್ಕೂ ಸಿಗುವ ಉತ್ತರ ಒಂದೇ: ‘ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿ’. ಮಾಡಿಸಿದ ಮೇಲೆ ನಾಲ್ಕು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಪೆಟ್ರೋಲ್ ಟ್ಯಾಂಕಿನಿಂದ ಹೊರಟು ಪೈಪು, ಫಿಲ್ಟರ್, ಪಂಪು ದಾಟಿ, ಅದನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ಗೆ ಬರುತ್ತದೆ. ಹಿಂದೆ ಎಲ್ಲೋ ಆದ ತೊಂದರೆಗೆ ಮುಂದಿರುವ ಕಾರ್ಬ್ಯುರೇಟರ್ ಬೈಸಿಕೊಳ್ಳುತ್ತದೆ.

ಇಲ್ಲಿ ಮುಖ್ಯವಾಗಿ ಕಾರ್ಬ್ಯುರೇಟರ್ ಇರುವ ಮಾರುತಿ 800 ಅನ್ನು ಇಟ್ಟುಕೊಂಡು ಹೇಳುತ್ತಿದ್ದೇನೆ. ಅದೇ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಕ್ಯಾಮ್‌ಶಾಫ್ಟ್‌ನಿಂದ ಓಡುವ ಮೆಕ್ಯಾನಿಕಲ್ ಪಂಪು, ಕೈಯಿಂದ ಎಳೆಯುವ ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಮುಚ್ಚಳ). ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೂ ಬಹುಪಾಲು ಇದೇ ಕ್ರಮ ನಡೆಯುತ್ತದೆ.

ಶುರು ಮಾಡುವ ಮುಂಚೆ

ಎಂಜಿನ್ ತಣ್ಣಗಿರಬೇಕು, ಜಾಗ ಬಯಲಾಗಿರಬೇಕು. ಪೈಪು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ. ಪಂಪು ಪರೀಕ್ಷಿಸುವಾಗ ಮಾತ್ರ ಅದನ್ನು ಮತ್ತೆ ಹಾಕಬೇಕಾಗುತ್ತದೆ. ಬೆಳಕಿಗೆ ಟಾರ್ಚ್ ಸಾಕು, ಬೀಡಿ ಸಿಗರೇಟಿನವರು ದೂರ ಇರಲಿ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಅದು ತೇಲಿಕೊಂಡು ಹರಡುತ್ತದೆ. ಇನ್ನೊಂದು ಮಾತು, ಪೈಪಿಗೆ ಬಾಯಿಟ್ಟು ಪೆಟ್ರೋಲ್ ಎಳೆಯುವ ಹಳೇ ಅಭ್ಯಾಸ ಬಿಟ್ಟುಬಿಡಿ. ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಪ್ಲಗ್‌ಗೆ ಕರೆಂಟ್ ಸರಿಯಾಗಿ ಬರುತ್ತಿದೆಯೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಸವೆದ ಪಾಯಿಂಟ್, ಸತ್ತ ಪ್ಲಗ್ ಕೂಡ ಪೆಟ್ರೋಲ್ ಬಾರದ ಹಾಗೇ ನಾಟಕ ಆಡುತ್ತವೆ.

ಯಾವಾಗ ಕೈಕೊಡುತ್ತದೆ?

ಸ್ಪ್ಯಾನರ್ ಹಿಡಿಯುವ ಮುಂಚೆ ಈ ಪ್ರಶ್ನೆಗೆ ಉತ್ತರ ಹುಡುಕಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ನಾಲ್ಕಾರು ದಿನ ನಿಲ್ಲಿಸಿದ ಮೇಲೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸಿದರೆ, ಫ್ಲೋಟ್ ಚೇಂಬರಿನ (ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಸಣ್ಣ ತೊಟ್ಟಿ) ಪೆಟ್ರೋಲ್ ಆವಿಯಾಗಿದೆ ಅಥವಾ ಪಂಪಿನ ವಾಲ್ವ್ ಸೋತು ಪೈಪಿನ ಪೆಟ್ರೋಲ್ ಟ್ಯಾಂಕಿಗೆ ಇಳಿದುಹೋಗಿದೆ. ಊರೊಳಗೆ ಚೆನ್ನಾಗಿದ್ದು ಹೈವೇಯಲ್ಲಿ, ಏರಿನಲ್ಲಿ ಉಸಿರು ಕಟ್ಟಿದರೆ ಸಾಕಷ್ಟು ಪೆಟ್ರೋಲ್ ಬರುತ್ತಿಲ್ಲ ಎಂದರ್ಥ; ಫಿಲ್ಟರ್, ಪಂಪು, ಟ್ಯಾಂಕ್ ನೋಡಿ. ಓಡುವಾಗ ಸರಿ ಇದ್ದು ಕಾಲು ತೆಗೆದ ಕೂಡಲೇ ಆಫ್ ಆದರೆ ಐಡ್ಲಿಂಗ್ ಜೆಟ್ (ರೇಸ್ ಕೊಡದಿದ್ದಾಗ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಕಡೆಯ ತೊಂದರೆ. ರೇಸ್ ಕೊಟ್ಟ ಕ್ಷಣ ಮುಗ್ಗರಿಸಿ ಆಮೇಲೆ ಎದ್ದರೆ, ರೇಸ್ ಕೊಟ್ಟಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ತೊಂದರೆ. ಕಪ್ಪು ಹೊಗೆ, ಒದ್ದೆ ಪ್ಲಗ್, ಪೆಟ್ರೋಲ್ ವಾಸನೆ ಇದ್ದರೆ ಓವರ್‌ಫ್ಲೋ, ಅಂದರೆ ಚೇಂಬರ್ ತುಂಬಿ ಪೆಟ್ರೋಲ್ ಉಕ್ಕುತ್ತಿದೆ.

ಚೋಕ್ ಕೂಡ ಒಳ್ಳೆಯ ಸಾಕ್ಷಿ. ಬಿಸಿ ಎಂಜಿನ್ ಜಗ್ಗುವಾಗ ಚೋಕ್ ಸ್ವಲ್ಪ ಎಳೆದು ನೋಡಿ. ಗಾಡಿ ಸುಧಾರಿಸಿದರೆ ಪೆಟ್ರೋಲ್ ಕಡಿಮೆಯಾಗಿದೆ, ಇಲ್ಲವೇ ಎಲ್ಲಿಂದಲೋ ಹೆಚ್ಚು ಗಾಳಿ ನುಗ್ಗುತ್ತಿದೆ. ಇನ್ನಷ್ಟು ಕೆಟ್ಟರೆ ಪೆಟ್ರೋಲ್ ಆಗಲೇ ಜಾಸ್ತಿಯಾಗಿದೆ.

ಕಾರ್ಬ್ಯುರೇಟರ್ ಬಾಯಲ್ಲಿ ಇಣುಕಿ

ಏರ್ ಫಿಲ್ಟರ್ ಡಬ್ಬಿ ತೆಗೆಯಿರಿ. ಇಗ್ನಿಷನ್ ಆಫ್ ಇರಲಿ. ಟಾರ್ಚ್ ಬಿಟ್ಟು ಒಳಗೆ ನೋಡುತ್ತಾ ಥ್ರಾಟಲ್ ಕೇಬಲ್ ಎಳೆಯಿರಿ. ಸಣ್ಣ ನಳಿಕೆಯಿಂದ ಪೆಟ್ರೋಲ್ ಗೆರೆಯಂತೆ ಚಿಮ್ಮಬೇಕು. ಚಿಮ್ಮಿದರೆ ಚೇಂಬರಿಗೆ ಪೆಟ್ರೋಲ್ ಬಂದಿದೆ, ಕಾರ್ಬ್ಯುರೇಟರ್ ಒಳಗೇ ಹುಡುಕಬಹುದು. ಚಿಮ್ಮದಿದ್ದರೆ ಚೇಂಬರ್ ಖಾಲಿ ಇರಬೇಕು, ಇಲ್ಲವೇ ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ (ಬಾಗುವ ತೆಳು ಪೊರೆ) ಹರಿದಿರಬೇಕು. ಎಸ್‌ಯು ಎಂಬ ಮಾದರಿಯ ಕಾರ್ಬ್ಯುರೇಟರ್ ಇರುವ ಕಾರಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅದರಲ್ಲಿ ಆಕ್ಸಿಲರೇಟರ್ ಪಂಪೇ ಇರುವುದಿಲ್ಲ.

ಚೇಂಬರ್ ಖಾಲಿ ಅನ್ನಿಸಿದರೆ ಟ್ಯಾಂಕಿನಿಂದ ಹೊರಡೋಣ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ? ನಗಬೇಡಿ, ಹಳೇ ಕಾರಿನ ಗೇಜ್ ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ಆಮೇಲೆ ಮುಚ್ಚಳ. ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಗಾಳಿಯ ದಾರಿ ಕಟ್ಟಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಹುಟ್ಟಿ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಬರುವುದಿಲ್ಲ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿ. ‘ಸುಸ್ಸ್’ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಸಲೀಸಾಗಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕ.

ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರ್ ಹಾಕಿದ್ದರೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಪುಡಿ ಕಂಡರೆ ಟ್ಯಾಂಕ್ ತುಕ್ಕು ಹಿಡಿದಿದೆ. ತಳದಲ್ಲಿ ಗೋಲಿಯಂತೆ ಉರುಳುವ ಹನಿ ಕಂಡರೆ ನೀರು. ಬೆಲೆ ಕಡಿಮೆ, ಅನುಮಾನ ಬಂದರೆ ಬದಲಿಸಿಬಿಡಿ. ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಲಿ.

ಪೈಪಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದು ಕಡೆ. ಟ್ಯಾಂಕಿನಿಂದ ಪಂಪಿನವರೆಗೆ ಪೆಟ್ರೋಲನ್ನು ಎಳೆಯಲಾಗುತ್ತದೆ, ಪಂಪಿನಿಂದ ಮುಂದೆ ತಳ್ಳಲಾಗುತ್ತದೆ. ತಳ್ಳುವ ಕಡೆ ಬಿರುಕು ಬಿಟ್ಟರೆ ಪೆಟ್ರೋಲ್ ಸೋರಿ ಕಣ್ಣಿಗೆ ಬೀಳುತ್ತದೆ. ಎಳೆಯುವ ಕಡೆ ಬಿರುಕು ಬಿಟ್ಟರೆ ಒಂದು ಹನಿಯೂ ಕಾಣದೆ ಇರಬಹುದು, ಅಲ್ಲಿ ಪೈಪು ಗಾಳಿ ಕುಡಿಯುತ್ತದೆ! ಪಂಪಿಗೆ ಬರುವಷ್ಟರಲ್ಲಿ ಅರ್ಧ ಪೆಟ್ರೋಲ್, ಅರ್ಧ ಗಾಳಿ. ಎಂಜಿನ್ ಓಡುವಾಗ ಫಿಲ್ಟರ್‌ನಲ್ಲಿ ಎಡೆಬಿಡದೆ ಗುಳ್ಳೆ ಬರುತ್ತಿದ್ದರೆ ಟ್ಯಾಂಕಿನ ಕಡೆಯ ಒಂದೊಂದು ರಬ್ಬರ್ ತುಂಡನ್ನೂ ಬಗ್ಗಿಸಿ ನೋಡಿ. ಕ್ಲಿಪ್ ಕೂರುವ ತುದಿಗಳಲ್ಲೇ ಬಿರುಕು ಜಾಸ್ತಿ.

ಪಂಪಿಗೆ ಒಂದು ಬಾಟಲಿ ಪರೀಕ್ಷೆ

ಕಾಯಿಲ್‌ನ ಸಣ್ಣ ವೈರು ತೆಗೆದು ಅದರ ತುದಿಗೆ ಟೇಪ್ ಸುತ್ತಿ, ಕಿಡಿ ಬರಬಾರದು. ಕಾರ್ಬ್ಯುರೇಟರ್‌ಗೆ ಬರುವ ಪೈಪು ಬಿಚ್ಚಿ ಬಾಟಲಿಯೊಳಗೆ ಬಿಡಿ. ಬ್ಯಾಟರಿ ಜೋಡಿಸಿ ಒಬ್ಬರು ಸೆಲ್ಫ್ ಹೊಡೆಯಲಿ, ಐದಾರು ಸೆಕೆಂಡ್ ಸಾಕು. ಪೆಟ್ರೋಲ್ ಬಡಿತ ಬಡಿತವಾಗಿ ಜೋರಾಗಿ ಬೀಳಬೇಕು. ತೊಟ್ಟಿಕ್ಕಿದರೆ ಅಥವಾ ನೊರೆ ನೊರೆಯಾಗಿ ಬಂದರೆ ಪಂಪು ಸೋತಿದೆ, ಇಲ್ಲವೇ ಹಿಂದೆ ಗಾಳಿ ಸೇರುತ್ತಿದೆ. ಯಾವುದು ಅಂತ ತಿಳಿಯಲು ಪಂಪಿನ ಒಳಬರುವ ಪೈಪನ್ನು ನೇರವಾಗಿ ಒಂದು ಪೆಟ್ರೋಲ್ ಡಬ್ಬಿಗೆ ಇಳಿಸಿ ಮತ್ತೆ ಸೆಲ್ಫ್ ಹೊಡೆಯಿರಿ. ಈಗ ಜೋರಾಗಿ ಬಂದರೆ ಪಂಪು ಸರಿ ಇದೆ.

ಪಂಪನ್ನು ಬದಲಿಸುವಾಗ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಮಾರುತಿ 800ರಲ್ಲಿ ಟ್ಯಾಂಕಿಗೆ ವಾಪಸ್ ಹೋಗುವ ಪೈಪೂ ಇರುವುದರಿಂದ ಅದಲುಬದಲಾಗುವುದು ಸುಲಭ. ಹಾಗೆಯೇ ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟವೂ ಏರಿದ್ದರೆ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತಿರಬಹುದು. ಅಂಥ ಗಾಡಿಯನ್ನು ಓಡಿಸಬೇಡಿ. ಪಂಪಿನ ಜೊತೆ ಆಯಿಲ್ಲೂ ಬದಲಾಗಬೇಕು.

ಈಗ ಕಾರ್ಬ್ಯುರೇಟರ್

ಬರೀ ಐಡ್ಲಿಂಗ್ ನಿಲ್ಲದಿದ್ದರೆ ಇಡೀ ಕಾರ್ಬ್ಯುರೇಟರ್ ಇಳಿಸುವ ಅಗತ್ಯವೇ ಇಲ್ಲದಿರಬಹುದು. ಕೆಲವು ಮಾಡೆಲ್‌ಗಳಲ್ಲಿ ಪಕ್ಕದಲ್ಲಿ ಒಂದು ವೈರು ಬಂದ ಸಣ್ಣ ಸೊಲೆನಾಯ್ಡ್ (ಕರೆಂಟ್ ಬಂದಾಗ ತೆರೆಯುವ ವಾಲ್ವ್) ಇರುತ್ತದೆ. ಕೀ ಆನ್ ಮಾಡಿದಾಗ ಅದು ‘ಟಿಕ್’ ಅನ್ನಬೇಕು. ಅನ್ನದಿದ್ದರೆ ವೈರಿಗೆ ಕರೆಂಟ್ ಬರುತ್ತಿದೆಯೇ ನೋಡಿ. ಎಷ್ಟೋ ಸಲ ಸಡಿಲವಾದ ವೈರೊಂದೇ ಕಾರಣ. ಕಾರ್ಬ್ಯುರೇಟರ್ ಬುಡದ ನಟ್ಟುಗಳನ್ನೂ ಮುಟ್ಟಿ ನೋಡಿ. ಐಡ್ಲಿಂಗ್‌ನಲ್ಲಿ ಬುಡದ ಗ್ಯಾಸ್ಕೆಟ್ ಸುತ್ತ ಸ್ವಲ್ಪ ನೀರು ಚಿಮುಕಿಸಿದಾಗ ಎಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಒಳಗೆ ಹೋಗುತ್ತಿದೆ.

ಓವರ್‌ಫ್ಲೋ ಆದಾಗ ಸ್ಕ್ರೂಡ್ರೈವರ್ ಹಿಡಿಯಿಂದ ಚೇಂಬರಿಗೆ ಮೆಲ್ಲಗೆ ಒಂದೆರಡು ಸಲ ತಟ್ಟಿ. ಕಸ ಸಿಕ್ಕಿ ತೆರೆದೇ ನಿಂತ ನೀಡಲ್ ವಾಲ್ವ್ (ಚೇಂಬರ್ ತುಂಬಿದಾಗ ಪೆಟ್ರೋಲ್ ತಡೆಯುವ ಸೂಜಿ) ಕೂತುಕೊಳ್ಳಬಹುದು. ಮತ್ತೆ ಮತ್ತೆ ಆದರೆ ಮೇಲಿನ ಮುಚ್ಚಳ ತೆಗೆಯಿರಿ. ಒಳಗೆ ತೇಲುವ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ, ತೇಲುವುದಿಲ್ಲ. ನೀಡಲ್‌ನ ತುದಿಯಲ್ಲಿ ಉಂಗುರದಂತೆ ಸವೆದ ಗುರುತಿದ್ದರೆ ಸೀಟಿನ ಸಮೇತ ಬದಲಿಸಿ.

ಜೆಟ್‌ಗಳನ್ನು ಬಿಚ್ಚುವಾಗ ಕೆಳಗೆ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ. ಮೇಲೆ ಕೊರೆದ ನಂಬರ್, ಇದ್ದ ಜಾಗ ಬರೆದಿಡಿ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ದಯವಿಟ್ಟು ಗುಂಡುಸೂಜಿ, ತಂತಿ ಚುಚ್ಚಬೇಡಿ. ಜೆಟ್ ಹಿತ್ತಾಳೆಯದು, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಳತೆ ಕೆಡುತ್ತದೆ, ಆಮೇಲೆ ಮೈಲೇಜ್ ಬಿದ್ದುಹೋಗುತ್ತದೆ. ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಪೂರ್ತಿ ಒಳಗೆ ಹೋಗಲು ಎಷ್ಟು ಸುತ್ತು ಬೇಕು ಅಂತ ಎಣಿಸಿಕೊಳ್ಳಿ. ತಳ ಮುಟ್ಟಿದ ಮೇಲೆ ಬಿಗಿಯಬೇಡಿ, ಮೂತಿ ಕೆಡುತ್ತದೆ.

ಘಾಟಿ ಮತ್ತು ಎಥೆನಾಲ್

ಬೇಸಿಗೆಯಲ್ಲಿ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತುವಾಗ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದ ಹಾಗೆ ಹೊರಟರೆ ಅದು ವೇಪರ್ ಲಾಕ್ ಇರಬಹುದು. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪು ಬರೀ ಆವಿ ಎಳೆಯುತ್ತದೆ. ಹಿಂದಿನ ಡ್ರೈವರ್‌ಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಸುಮ್ನೆ ಅಲ್ಲ. ಇಂದಿಗೂ ದಾರಿಯಲ್ಲಿ ಅದೇ ಉಪಾಯ, ಬಟ್ಟೆ ಫ್ಯಾನಿಗೆ ಸಿಗದಂತೆ ನೋಡಿಕೊಂಡರಾಯಿತು. ಶಾಶ್ವತ ಪರಿಹಾರ ಅಂದರೆ ಪೆಟ್ರೋಲ್ ಪೈಪನ್ನು ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ ಸರಿಸುವುದು.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿತು. ಈ ಹಳೇ ಗಾಡಿಗಳ ರಬ್ಬರನ್ನು ಅದಕ್ಕಾಗಿ ಮಾಡಿದ್ದಲ್ಲ. 20% ಎಥೆನಾಲ್ ಸೇರಿದ ಪೆಟ್ರೋಲ್‌ಗೆ ಹಳೇ ಪೈಪು, ಡಯಾಫ್ರಮ್ ಉಬ್ಬಬಹುದು, ಬಿರುಕು ಬಿಡಬಹುದು. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತಿದ್ದ ಕಸ ಕರಗಿ ಬಂದು ಫಿಲ್ಟರ್ ಕಟ್ಟುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್‌ನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಪೈಪು ಕೊಳ್ಳುವಾಗ ಎಸ್‌ಎಇ ಜೆ30 ಆರ್9 ಎಂದು ಮುದ್ರಿಸಿದ್ದನ್ನೇ ಕೇಳಿ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ.

ಎಲ್ಲವೂ ಸರಿ ಇದ್ದೂ ಐಡ್ಲಿಂಗ್ ಮಾತ್ರ ಏರುತ್ತಾ ಇಳಿಯುತ್ತಾ ಇದ್ದರೆ ಥ್ರಾಟಲ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಆಟ ಕಂಡರೆ ಅದರ ತೂತು ಸವೆದು ಗಾಳಿ ನುಗ್ಗುತ್ತಿದೆ. ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಲೇತ್ ಅಂಗಡಿಯಲ್ಲಿ ಬುಷ್ ಹಾಕಿಸಬೇಕು, ಇಲ್ಲವೇ ಬೇರೆ ಕಾರ್ಬ್ಯುರೇಟರ್ ಹುಡುಕಬೇಕು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಅಂಗಡಿಯಲ್ಲೇ ಅದರ ಶಾಫ್ಟನ್ನೂ ಅಲ್ಲಾಡಿಸಿ ನೋಡಿ.