ಬೀದಿಯಲ್ಲಿ ಹಿರಿಯರ ಸಹಜ ಚಿತ್ರ: ಮೊದಲು ದೂರ, ಆಮೇಲೆ ಲೆನ್ಸ್

ಬೀದಿಯಲ್ಲಿ ತಮ್ಮ ಪಾಡಿಗೆ ತಾವಿರುವ ವಯಸ್ಸಾದವರ ಚಿತ್ರ ತೆಗೆಯಲು ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಲೆನ್ಸ್ ಕೊಳ್ಳಬೇಕೆಂದು. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಅವರಿಂದ ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಎಂಬುದು. ಲೆನ್ಸಿನ ಮಿ.ಮೀ. ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಅಂದರೆ ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವುದರಲ್ಲಿ, 35 ಮಿ.ಮೀ. ಲೆನ್ಸ್ ಎರಡು ಮೀಟರ್ ದೂರದಿಂದ ಸುಮಾರು ಎರಡು ಮೀಟರ್ ಅಗಲದ ದೃಶ್ಯವನ್ನು ಹಿಡಿಯುತ್ತದೆ. ಅಷ್ಟೇ ಅಗಲವನ್ನು ಹಿಡಿಯಲು 50 ಮಿ.ಮೀ. ಇದ್ದರೆ ಮೂರು ಮೀಟರಿನ ಹತ್ತಿರ, 85 ಮಿ.ಮೀ. ಇದ್ದರೆ ಐದು ಮೀಟರಿನ ಹತ್ತಿರ ಹಿಂದೆ ಸರಿಯಬೇಕು. ಬೆಂಚಿನ ಮೇಲೆ ಕುಳಿತವರ ಗಾತ್ರ ಮೂರೂ ಚಿತ್ರಗಳಲ್ಲಿ ಒಂದೇ. ಆದರೆ ಮೊದಲನೆಯದರಲ್ಲಿ ಅವರ ಹಿಂದಿನ ಬೀದಿಯೆಲ್ಲ ಹರಡಿಕೊಂಡಿರುತ್ತದೆ, ಕೊನೆಯದರಲ್ಲಿ ಅದರ ಒಂದು ತುಣುಕಷ್ಟೇ ಉಳಿಯುತ್ತದೆ.

ನಾನು ಹೆಚ್ಚಾಗಿ ಬಳಸುವುದು 35 ಮಿ.ಮೀ. ಇದಕ್ಕೆ ಕೈತಪ್ಪಿದ ಒಂದು ಚಿತ್ರವೇ ಕಾರಣ. ಬಸ್ಸಿಗೆ ಕಾಯುತ್ತಿದ್ದ ವಯಸ್ಸಾದ ಮಹಿಳೆಯೊಬ್ಬರು ಸೂಜಿಗೆ ದಾರ ಪೋಣಿಸುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದಿದ್ದರು. ಬೆರಳು ನಡುಗಿ ದಾರ ಮೂರು ಸಲ ತಪ್ಪಿತು. ನನ್ನ ಕ್ಯಾಮೆರಾದಲ್ಲಿದ್ದದ್ದು 50 ಮಿ.ಮೀ. ಲೆನ್ಸ್, ಬೆಳಕು ಒಳಬರುವ ಕಿಂಡಿಯಾದ ಅಪರ್ಚರ್ ಎಫ್ 2 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಸ್ಪಷ್ಟವಾಗಿ ಬರುವ ಆಳ ಕಡಿಮೆ). ಫೋಕಸ್ ಕಣ್ಣಿನ ಮೇಲೆ ನಿಂತು, ಅಷ್ಟು ಹೊತ್ತಿನ ಪ್ರಯತ್ನವೆಲ್ಲ ಅಡಗಿದ್ದ ಬೆರಳುಗಳೂ ಸೂಜಿಯೂ ಮಸುಕಾದವು. ಒಂದೂವರೆ ಮೀಟರ್ ದೂರದಲ್ಲಿ ಆ ಹೊಂದಾಣಿಕೆಗೆ ಸ್ಪಷ್ಟವಾಗಿ ಕಾಣುವ ಆಳ 11 ಸೆಂ.ಮೀ. ಆಸುಪಾಸು, ಅದೇ ದೂರದಿಂದ 35 ಮಿ.ಮೀ. ಲೆನ್ಸನ್ನು ಎಫ್ 5.6ರಲ್ಲಿ ಬಳಸಿದ್ದರೆ ಅದು 60 ಸೆಂ.ಮೀ. ದಾಟುತ್ತಿತ್ತು, ಮುಖವೂ ಕೈಯೂ ಒಟ್ಟಿಗೆ ಸಿಗುತ್ತಿದ್ದವು. ವಯಸ್ಸಾದವರ ಚಿತ್ರದಲ್ಲಿ ಮುಖದಷ್ಟೇ ಮುಖ್ಯವಾದದ್ದು ಅವರ ಕೈಗಳ ಕೆಲಸ. ಹಿನ್ನೆಲೆ ಮಸುಕಾಗಲಿ ಎಂದು ಅಪರ್ಚರನ್ನು ಪೂರ್ತಿ ತೆರೆಯುವ ಆಸೆಗೆ ಅದನ್ನು ಬಲಿ ಕೊಡಬಾರದು.

ಸೆನ್ಸರ್ ಚಿಕ್ಕದಾದ ಎಪಿಎಸ್-ಸಿ ಕ್ಯಾಮೆರಾದವರಿಗೆ 23 ಮಿ.ಮೀ., ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾದವರಿಗೆ 17 ಮಿ.ಮೀ. ಲೆನ್ಸ್ ಹೆಚ್ಚುಕಡಿಮೆ ಈ 35 ಮಿ.ಮೀ. ನೋಟವನ್ನೇ ಕೊಡುತ್ತದೆ. 50 ಮಿ.ಮೀ. ಕೀಳೆಂದು ನಾನು ಹೇಳುತ್ತಿಲ್ಲ. ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ಟಿಯರ್ ಬ್ರೆಸ್ಸನ್ ತಮ್ಮ ಲೈಕಾ ಕ್ಯಾಮೆರಾದಲ್ಲಿ ಬಹುಪಾಲು ಅದನ್ನೇ ಬಳಸಿದರು. 24 ಮಿ.ಮೀ. ಬಳಸುವಾಗ ಮುಖ ಚೌಕಟ್ಟಿನ ಅಂಚಿಗೆ ಬಾರದಂತೆ ನೋಡಿಕೊಳ್ಳಿ, ಅಲ್ಲಿ ಅದು ಎಳೆದಂತೆ ವಿಕಾರವಾಗುತ್ತದೆ. ಕೈಹಿಡಿದು ನಿಧಾನವಾಗಿ ನಡೆದುಹೋಗುವ ವೃದ್ಧ ದಂಪತಿಯಂತಹ, ಹತ್ತಿರ ಹೋದರೆ ಕೆಡುವ ದೃಶ್ಯಕ್ಕೆ 85 ಮಿ.ಮೀ. ತಕ್ಕುದು. 200 ಮಿ.ಮೀ. ಲೆನ್ಸ್ ಹಿಡಿದು ರಸ್ತೆಯಾಚೆಯಿಂದ ಮುಖಗಳನ್ನು ಆರಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಹಜವಾಗಿ ತೆಗೆಯುವುದೆಂದರೆ ಬಚ್ಚಿಟ್ಟುಕೊಂಡು ತೆಗೆಯುವುದಲ್ಲ. ಅವರು ತಲೆಯೆತ್ತಿದರೆ ನೀವು ಕಾಣಿಸಬೇಕು, ಏನಾದರೂ ಕೇಳಿದರೆ ಉತ್ತರಿಸುವಷ್ಟು ಹತ್ತಿರವಿರಬೇಕು.

ಹತ್ತಿರವಿದ್ದೂ ಗಮನ ಸೆಳೆಯದಿರಲು ಕ್ಯಾಮೆರಾವನ್ನು ಮೊದಲೇ ಸಿದ್ಧಪಡಿಸಿಕೊಳ್ಳಿ. 35 ಮಿ.ಮೀ. ಲೆನ್ಸನ್ನು ಎಫ್ 8ರಲ್ಲಿಟ್ಟು ಎರಡೂವರೆ ಮೀಟರಿಗೆ ಫೋಕಸ್ ನಿಲ್ಲಿಸಿದರೆ 1.7 ಮೀಟರಿನಿಂದ ಐದು ಮೀಟರಿನ ಹತ್ತಿರದವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ, ಆಗ ಫೋಕಸ್ ಹುಡುಕುತ್ತ ನಿಲ್ಲಬೇಕಿಲ್ಲ. ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗವಿರಲಿ, ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಒ ಆಟೋದಲ್ಲಿರಲಿ. ಎಲೆಕ್ಟ್ರಾನಿಕ್ ಶಟರ್ ಸದ್ದು ಮಾಡುವುದಿಲ್ಲ, ಆದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಮೂಡಬಹುದು. ಕುಳಿತವರನ್ನು ನಿಂತಲ್ಲಿಂದ ತೆಗೆದರೆ ಕಾಣುವುದು ನೆತ್ತಿ. ಪರದೆಯನ್ನು ಮೇಲ್ಮುಖವಾಗಿ ಮಡಿಸಿ ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸಿಕೊಂಡರೆ ಅದು ಅವರ ಕಣ್ಣಿನ ಎತ್ತರಕ್ಕೆ ಬರುತ್ತದೆ. ಅಮೆರಿಕದ ಬೀದಿ ಛಾಯಾಗ್ರಾಹಕಿ ವಿವಿಯನ್ ಮೇಯರ್ ಬಳಸುತ್ತಿದ್ದ ರೋಲಿಫ್ಲೆಕ್ಸ್ ಕೂಡ ಹೀಗೆ ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ.

ಬೆಳಕಿನ ವಿಷಯದಲ್ಲಿ ಒಂದೆರಡು ಎಚ್ಚರಿಕೆ. ನಡುಮಧ್ಯಾಹ್ನದ ಬಿಸಿಲು ಗುಳಿಬಿದ್ದ ಕಣ್ಣುಗಳನ್ನು ಕತ್ತಲಲ್ಲಿ ಮುಳುಗಿಸುತ್ತದೆ, ಆದ್ದರಿಂದ ನೆರಳಿನ ಅಂಚಿನಲ್ಲಿ ಕುಳಿತವರನ್ನು ಹುಡುಕಿ. ಬಿಳಿಗೂದಲು ಬಿಸಿಲಿನಲ್ಲಿ ಬೆಳ್ಳಗೆ ಸುಟ್ಟುಹೋಗಿ ಎಳೆಗಳೇ ಕಾಣದಂತಾಗುತ್ತದೆ. ಎಕ್ಸ್‌ಪೋಷರನ್ನು ಮೂರನೇ ಎರಡು ಸ್ಟಾಪ್‌ನಷ್ಟು ಇಳಿಸಿದರೆ ಅವು ಉಳಿಯುತ್ತವೆ (ಒಂದು ಸ್ಟಾಪ್ ಇಳಿಸುವುದೆಂದರೆ ಬೆಳಕನ್ನು ಅರ್ಧಕ್ಕೆ ತರುವುದು). ಚಿತ್ರವನ್ನು ತಿದ್ದುವಾಗ ಕಾಂಟ್ರಾಸ್ಟ್ ಏರಿಸಿ ಸುಕ್ಕುಗಳನ್ನು ಕೆತ್ತಿದಂತೆ ತೋರಿಸುವ ರೂಢಿ ಬೆಳೆದಿದೆ. ಅದು ನನಗೆ ನೋವು ಕೊಡುವ ಸಂಗತಿ, ಏಕೆಂದರೆ ಅಲ್ಲಿ ಒಬ್ಬ ವ್ಯಕ್ತಿಯ ಬದಲು ಒಂದು ಮರದ ತೊಗಟೆಯನ್ನು ನೋಡಿದಂತಾಗುತ್ತದೆ.

ವಯಸ್ಸಾದವರಲ್ಲಿ ಹಲವರಿಗೆ ಕಣ್ಣು ಮಂದ, ಕಿವಿ ಮಂದ. ಅವರು ಆಕ್ಷೇಪಿಸಲಿಲ್ಲವೆಂದರೆ ಕ್ಯಾಮೆರಾ ಕಾಣಲೇ ಇಲ್ಲವೆಂದಿರಬಹುದು, ಅದನ್ನು ಒಪ್ಪಿಗೆ ಎಂದು ಎಣಿಸಬೇಡಿ. ಎಡವಿದವರನ್ನು, ದಾರಿ ಮರೆತು ಗೊಂದಲಗೊಂಡವರನ್ನು ಕಂಡಾಗ ಕ್ಯಾಮೆರಾ ಇಳಿಸಿ ನೆರವಿಗೆ ಹೋಗಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ 1907ರ ಕಾನೂನಿನಂತೆ ಒಬ್ಬರ ಚಿತ್ರವನ್ನು ಪ್ರಕಟಿಸಲು ಸಾಮಾನ್ಯವಾಗಿ ಅವರ ಒಪ್ಪಿಗೆ ಬೇಕು. ಚಿತ್ರ ತೆಗೆದ ಮೇಲೆ ಅವರ ಮುಂದೆ ಹೋಗಿ ನಿಂತು, ಪರದೆಯ ಬೆಳಕನ್ನು ಹೆಚ್ಚಿಸಿ, ಮುಖವನ್ನು ದೊಡ್ಡದು ಮಾಡಿ ತೋರಿಸಿ. ಬೇಡವೆಂದರೆ ಅಲ್ಲೇ ಅಳಿಸಿ. ಬೇಕೆಂದರೆ ಒಂದು ಪ್ರತಿ ಮುದ್ರಿಸಿ ಕೊಡಿ, ಅದೂ ಅಂಗೈಯಗಲದ್ದಲ್ಲ, 8×10 ಇಂಚಿನದು. ಕನ್ನಡಕ ಹುಡುಕದೆಯೂ ಅವರು ಅದನ್ನು ನೋಡುವಂತಿರಬೇಕು.